ಗಾದಿ ನಬೀಸಾಬರ ಚುನಾವಣೆಗಳು

ಜೋಗೇಶ್ವರಿಯ ಚಾಳಿನಲ್ಲಿದ್ದ ನಬೀಸಾಬರಿಗೆ ಎರಡು ಕಸುಬು. ಒಂದು, ಹತ್ತಿ ಹಿಂಜಿ ಗಾದಿ ತುಂಬುವುದು. ಇನ್ನೊಂದು, ಚುನಾವಣೆಗೆ ನಿಲ್ಲುವುದು. ಮೊದಲನೆಯದರಿಂದ ಹೊಟ್ಟೆ ತುಂಬುತ್ತಿತ್ತು, ಎರಡನೆಯದರಿಂದ ಡಿಪಾಜಿಟ್ಟು ಹೋಗುತ್ತಿತ್ತು. ಆದರೂ ಲೋಕಲ್ ರೈಲಿನಲ್ಲಿ ಯಾರಾದರೂ ಏನು ಮಾಡಿಕೊಂಡಿದ್ದೀರಿ ಎಂದು ಕೇಳಿದರೆ, ಅವರು ಎದೆಯುಬ್ಬಿಸಿ ಹೇಳುತ್ತಿದ್ದುದು ಎರಡನೆಯದನ್ನೇ.

ವಿಜಾಪುರದ ಕಡೆಯಿಂದ ಬಂದ ಪಿಂಜಾರರ ಮನೆತನ. ಹತ್ತಿ ಹಿಂಜುವ ದೊಡ್ಡ ಬಿಲ್ಲನ್ನು ಹೆಗಲಿಗೇರಿಸಿ, ಅದರ ತಂತಿ ಮೀಟುತ್ತ ಅವರು ಬಂದರೆಂದರೆ ಹೆಂಗಸರು ಹಳೇ ಗಾದಿಗಳನ್ನು ಹೊರಗೆಳೆಯುತ್ತಿದ್ದರು. ಅರವತ್ತೆಂಟನೇ ಇಸವಿಯಲ್ಲಿ ಚಾಳಿನ ನಳ ಕೆಟ್ಟು ಹನಿ ನೀರೂ ಬರದಾಯಿತು. ನಬೀಸಾಬರು ವಾರ್ಡ್ ಆಫೀಸಿಗೆ ಹೋದರು. ಅಲ್ಲಿದ್ದ ಸಾಹೇಬ ತಲೆಯನ್ನೂ ಎತ್ತದೆ, "ತೂ ಕೋಣ ರೇ?" ಎಂದ. ನೀನು ಯಾವನೋ ಎನ್ನುವ ಆ ಮಾತು ನಬೀಸಾಬರಿಗೆ ನೆಟ್ಟಗೆ ಎದೆಗೇ ನಾಟಿತು. ಯಾರಾದರೂ ಆಗಿಯೇ ತೀರಬೇಕೆಂದು ಹಟ ತೊಟ್ಟು, ಆ ವರ್ಷದ ಮುನ್ಸಿಪಾಲ್ಟಿ ಚುನಾವಣೆಗೆ ಪಕ್ಷೇತರರಾಗಿ ನಿಂತರು.

ಸಿಕ್ಕ ಗುರುತು ಛತ್ರಿ. ಬಿಲ್ಲಿನ ತುದಿಗೊಂದು ಕರೀ ಛತ್ರಿ ಕಟ್ಟಿಕೊಂಡು ಊರೆಲ್ಲ ತಿರುಗಿದರು. ಚಾಳಿನ ಹೆಂಗಸರು ಬಿದ್ದು ಬಿದ್ದು ನಕ್ಕರು, ಆಮೇಲೆ ಸಾಲುಗಟ್ಟಿ ಹೋಗಿ ಛತ್ರಿಗೆ ಮತ ಹಾಕಿ ಬಂದರು. ಗೆಲ್ಲಲಿಲ್ಲ, ಬಿಡಿ. ಆದರೆ ಚುನಾವಣೆಗೆ ನಿಂತ ಮನುಷ್ಯನಿಗೆ ಅದೇ ವಾರ್ಡ್ ಆಫೀಸಿನಲ್ಲಿ ಕುರ್ಚಿ ಸಿಕ್ಕಿತು, ಚಹಾ ಬಂತು, ಎಂಟು ದಿನದೊಳಗೆ ನಳವೂ ರಿಪೇರಿಯಾಯಿತು. ಅಲ್ಲಿಗೆ ನಬೀಸಾಬರಿಗೆ ಚಟ ಹತ್ತಿತು.

ಮುನ್ಸಿಪಾಲ್ಟಿ, ವಿಧಾನಸಭೆ, ಲೋಕಸಭೆ ಎಂಬ ಭೇದವೇ ಅವರಿಗಿರಲಿಲ್ಲ. ಚುನಾವಣೆ ಬಂತೆಂದರೆ ನಬೀಸಾಬರು ನಿಂತರೆಂದೇ ಲೆಕ್ಕ. ಪಕ್ಷೇತರರ ಗುರುತು ಪ್ರತಿ ಸಲ ಬದಲಾಗುತ್ತದೆ. ಒಮ್ಮೆ ಸೈಕಲ್ಲು ಬಂತು, ಒಮ್ಮೆ ತಕ್ಕಡಿ, ಒಮ್ಮೆ ಏಣಿ. ಹೊರಗೆ ಹೋದಲ್ಲೆಲ್ಲ ಹತ್ತಿ ಹಿಂಜುತ್ತಲೇ ಹೊಸ ಗುರುತನ್ನು ಮನೆಮನೆಗೂ ತಿಳಿಸಿ ಬರುತ್ತಿದ್ದರು. ತಮ್ಮ ಚಾಳಿನಲ್ಲಿ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. "ನಮ್ಮ ಮಂದೀಗೆ ಮತಾ ಕೇಳೂದಂದ್ರ ಅವರ ಮ್ಯಾಲ ಸಂಶಯಾ ಪಟ್ಟಂಗ," ಎನ್ನುತ್ತಿದ್ದರು. ಇನ್ನು ಮನೆಯೊಳಗೆ ಚುನಾವಣೆಯ ಸುದ್ದಿ ತೆಗೆದರೆ ಹೆಂಡತಿ ಚಾಂದಬಿ ಲಟ್ಟಣಿಗೆ ಕೈಗೆತ್ತಿಕೊಳ್ಳುತ್ತಿದ್ದಳು. ಬಿಲ್ಲಿಗೆ ಕಟ್ಟಿದ ಆ ಹಳೇ ಛತ್ರಿಯನ್ನಂತೂ ಮಳೆಯಿರಲಿ ಬಿಸಿಲಿರಲಿ ಅವರು ಬಿಚ್ಚಿದವರೇ ಅಲ್ಲ. ಮೊದಲ ಚುನಾವಣೆಯದು, ಅದರ ಮೇಲೆ ಅಷ್ಟು ಪ್ರೀತಿ.

ಆದರೆ ಮತ ಎಣಿಸುವಾಗ ಪ್ರತಿ ಸಲವೂ ಅದೇ ಗೋಳು. ಮುಖಪರಿಚಯವೂ ಇಲ್ಲದವರು ನಾಲ್ಕು ಮತ ಹಾಕಿರುತ್ತಿದ್ದರು, ಸ್ವಂತ ಚಾಳಿನ ಮತಗಟ್ಟೆಯಲ್ಲಿ ಮಾತ್ರ ಬೆರಳೆಣಿಕೆಯಷ್ಟು. ಸೋಲಿಗೆ ಅವರು ಎಂದೂ ಅಳುಕಿದವರಲ್ಲ. ಇದಕ್ಕೆ ಮಾತ್ರ ಒಳಗೊಳಗೇ ಬೆಂದುಹೋದರು. ಚಾಂದಬಿಯಾದರೂ ಹಾಕಿದ್ದಾಳೋ ಇಲ್ಲವೋ? ಕೇಳಲು ಬಾಯಿ ಬರಲಿಲ್ಲ.

ಎಪ್ಪತ್ತೆಂಟರ ವಿಧಾನಸಭೆ ಚುನಾವಣೆಗೆ ಮೊದಲು ಹೆಂಡತಿಗೆ ಖಡಾಖಂಡಿತವಾಗಿ ಹೇಳಿದರು: "ಈ ಸಲಾನೂ ನಮ್ಮ ಚಾಳ ಕೈ ಕೊಟ್ರ, ಖೋಲಿ ಬಿಟ್ಟು ಗೋರೆಗಾಂವ್‌ಗೆ ಹೋಗೂಣು. ನಮ್ಮನ್ನ ಬ್ಯಾಡಂದ ಮಂದೀ ನಡುವ ಯಾಕ ಇರಬೇಕು?"

ಚಾಂದಬಿಗೆ ಜೀವ ಹೋದಂತಾಯಿತು. ಮಕ್ಕಳನ್ನು ಹೆತ್ತು ಬೆಳೆಸಿದ ಖೋಲಿ, ಒಡಹುಟ್ಟಿದವಳಂಥ ನೆರೆಮನೆ ರುದ್ರವ್ವ, ಎಲ್ಲವನ್ನೂ ಬಿಟ್ಟು ಹೋಗುವುದೇ? ಗಂಡನಿಗೆ ತಿಳಿಯದಂತೆ ಮನೆಮನೆಗೂ ಹೋಗಿ, "ಒಂದ್ ಮತಾನೂ ಆಚೀಚೆ ಹೋಗಬಾರದ್ರವಾ," ಎಂದು ಎಲ್ಲರಿಂದಲೂ ಆಣೆ ಮಾಡಿಸಿಕೊಂಡಳು.

ಫಲಿತಾಂಶ ಬಂತು. ನಬೀಸಾಬರ ಗುರುತು ಆ ಸಲ ದೋಣಿ. ಚಾಳಿನ ಮತಗಟ್ಟೆಯಲ್ಲಿ ದೋಣಿಗೆ ಬಿದ್ದದ್ದು ಮೂರು ಮತ.

ಮನೆಗೆ ಬಂದವರೇ ನಬೀಸಾಬರು ಗಂಟು ಕಟ್ಟತೊಡಗಿದರು. ಚಾಂದಬಿ ಅಳುತ್ತ, "ಎಲ್ಲಾರೂ ನಿಮಗs ಹಾಕೇವ್ರೀ!" ಎಂದಳು. ಬಾಗಿಲಲ್ಲಿ ನಿಂತ ರುದ್ರವ್ವ, "ನನ್ನ ಮಕ್ಕಳ ಆಣಿ, ಅಣ್ಣಾ," ಎಂದಳು. ನಬೀಸಾಬರು ಇಬ್ಬರ ಮುಖವನ್ನೂ ನೋಡಲಿಲ್ಲ.

ಅಷ್ಟರಲ್ಲಿ ಗಾಂಧಿ ಟೋಪಿಯ ಒಬ್ಬ ಹಿರಿಯರು ದೊಡ್ಡ ಡಬ್ಬಿ ಹಿಡಿದು ಬಂದರು. ಬೆಳಗಾವಿ ಕಡೆಯವರು, ಹೆಸರು ಬಂಡೆಪ್ಪ, ವಿಲೆ ಪಾರ್ಲೆಯಲ್ಲಿ ಚಹಾಪುಡಿಯ ಅಂಗಡಿ. ಅವರೂ ಈ ಸಲ ಇದೇ ಕ್ಷೇತ್ರದಲ್ಲಿ ಪಕ್ಷೇತರರಾಗಿ ನಿಂತು ಸೋತವರೇ.

"ಈ ಚಾಳಿಗೆ ನಾ ಒಂದ್ ಸಲಾನೂ ಕಾಲಿಟ್ಟಿಲ್ರೀ. ಆದರ ಇಲ್ಲೆ ನನಗ ಇನ್ನೂರರ ಮ್ಯಾಲ ಮತಾ ಬಿದ್ದಾವ! ಎಂಥಾ ಮಂದಿ ನೀವು! ಕುಂದಾ ತಂದೇನಿ, ಬಾಯಿ ಸೀ ಮಾಡ್ಕೊಳ್ರಿ," ಎಂದರು ಬಂಡೆಪ್ಪ, ಕಣ್ಣಲ್ಲಿ ನೀರು ತಂದುಕೊಂಡು.

ಚಾಂದಬಿ ಕಣ್ಣೊರೆಸಿಕೊಂಡು ಸಿಟ್ಟಿನಿಂದ ಕೇಳಿದಳು: "ನಿಮಗ್ಯಾರು ಹಾಕ್ಯಾರ? ನಿಮ್ಮ ಗುರುತು ಯಾವುದು?"

"ಛತ್ರಿ, ತಾಯಿ."

ರುದ್ರವ್ವ ಮೆಲ್ಲಗೆ, "ಛತ್ರಿ ನಮ್ಮ ನಬೀಸಾಬಣ್ಣಂದಲ್ಲೇನು? ದಿನಾ ಹೊತ್ಕೊಂಡ ಅಡ್ಡಾಡ್ತಾನಲ್ಲ!" ಎಂದಳು.

ನಬೀಸಾಬರು ಮೂಲೆಯಲ್ಲಿದ್ದ ಬಿಲ್ಲನ್ನು ನೋಡಿದರು, ಅದಕ್ಕೆ ಕಟ್ಟಿದ ಛತ್ರಿಯನ್ನು ನೋಡಿದರು. ಹತ್ತು ವರ್ಷ ಇಡೀ ಚಾಳು, ಆ ಸಲದ ಛತ್ರಿ ಯಾರದೇ ಆಗಿರಲಿ, ತಮ್ಮ ನಬೀಸಾಬರದೆಂದೇ ತಿಳಿದು ತಪ್ಪದೆ ಅದಕ್ಕೇ ಮತ ಹಾಕುತ್ತ ಬಂದಿತ್ತು. ಗುರುತು ಬದಲಾಗಿದೆ ಎಂದು ಹೇಳಬೇಕಾದ ಮಹಾಶಯರು ಮಾತ್ರ ಮರ್ಯಾದೆ ಕಾಯುತ್ತ ಕೂತಿದ್ದರು. ನಗು ತಡೆಯಲಾರದೆ ಕಟ್ಟಿದ ಗಂಟಿನ ಮೇಲೆಯೇ ಕುಸಿದರು. ನಕ್ಕು ನಕ್ಕು ಅತ್ತರು. ವಿಷಯ ತಿಳಿದು ಪೆಚ್ಚಾಗಿ ನಿಂತಿದ್ದ ಬಂಡೆಪ್ಪನವರ ಬಾಯಿಗೆ ಮೊದಲು ಕುಂದಾ ಇಟ್ಟವರೂ ಅವರೇ.

ಬಂಡೆಪ್ಪ ಹೋದ ಮೇಲೆ ಗಂಟು ಬಿಚ್ಚಿದರು. ಆಮೇಲೆ ಟೋಪಿ ಸರಿಮಾಡಿಕೊಂಡು, ಮದುವೆಯಾದಂದಿನಿಂದ ಎಂದೂ ಮಾಡದ ಕೆಲಸ ಮಾಡಿದರು. ಚಾಂದಬಿಯ ಮುಂದೆ ನಿಂತು ಕೈ ಮುಗಿದರು.

"ಬಾಯಾರ, ಮುಂದಿನ ಸಲಾನೂ ನಿಂದ್ರತೇನಿ. ನಿಮ್ಮ ಮತಾ ನನಗs ಕೊಡ್ರಿ."

ಚಾಂದಬಿ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು: "ಕೊಡ್ತೀನಿ. ಗುರುತು ಯಾವುದಂತ ಮೊದಲು ಹೇಳ್ರಿ."