ಕಾಲೊಳಗಿನ ಮೀನು

ಅಲ್ಲಾಳಸಂದ್ರ ಕೆರೆಗೆ ಇನ್ನೂ ಬೇಲಿ ಹಾಕಿರದ ಕಾಲ. ಬೆಳಿಗ್ಗೆ ಕಿಟಕಿ ತೆರೆದರೆ ಪಾಚಿಯ ವಾಸನೆ, ಸಂಜೆಯಾದರೆ ಬೀದಿಯ ತುಂಬ ಖೊ-ಖೊ. ನಾನು ನಾಲ್ಕನೇ ಕ್ಲಾಸಿಗೆ ಹೋಗಬೇಕಿದ್ದ ಆ ಬೇಸಿಗೆಯಲ್ಲಿ ಮಾತ್ರ ಆಟ ನೋಡುತ್ತ ಜಗಲಿಯ ಮೇಲೆ ಕೂತಿದ್ದೆ. ಎಡಗಾಲಿಗೆ ಪ್ಲಾಸ್ಟರ್ ಹಾಕಿದ್ದರು.

ಪ್ಲಾಸ್ಟರ್ ಕತ್ತರಿಸಿದ ದಿನ ಡಾಕ್ಟರು ಕಾಲನ್ನು ಒತ್ತಿ ನೋಡಿ ಅಪ್ಪನಿಗೆ ಹೇಳಿದರು: "ಮೂಳೆ ಕೂಡಿದೆ. ಮೀನಖಂಡ ಕರಗಿಬಿಟ್ಟಿದೆ, ಅಷ್ಟೆ. ಮೆಟ್ಟಿಲಂಚಲ್ಲಿ ನಿಲ್ಲಿಸಿ ಹಿಮ್ಮಡಿ ಎತ್ತಿ ಇಳಿಸೋದು ಮಾಡ್ಸಿ. ಎಡಗಾಲೊಂದರಲ್ಲೇ ಎತ್ತೋಕೆ ಬರೋವರೆಗೂ ಓಟ ಬೇಡ."

ಮೀನಖಂಡ. ಆ ಪದವನ್ನು ನಾನು ಮೊದಲು ಕೇಳಿದ್ದು ಆಗಲೇ. ಮಂಡಿಯ ಕೆಳಗೆ, ಹಿಂಬದಿಯಲ್ಲಿ, ಬಲಗಾಲಿನಲ್ಲಿ ದುಂಡಗಿದ್ದದ್ದು ಎಡಗಾಲಿನಲ್ಲಿ ಇರಲಿಲ್ಲ. ಸಿಪ್ಪೆ ಏಳುತ್ತಿದ್ದ ಚರ್ಮ, ಕೆಟ್ಟ ವಾಸನೆ. ನನಗೆ ಎಲ್ಲ ಅರ್ಥವಾಯಿತು. ಕಾಲೊಳಗೆ ಒಂದು ಮೀನಿತ್ತು. ನೀರು ತಾಗಬಾರದೆಂದು ಪ್ಲಾಸ್ಟಿಕ್ ಕವರು ಕಟ್ಟಿ ಇಷ್ಟು ದಿನ ಸ್ನಾನ ಮಾಡಿಸಿದ್ದರು. ಅದು ಸತ್ತುಹೋಗಿತ್ತು.

ಯಾರಿಗೂ ಹೇಳಲಿಲ್ಲ. ಬಚ್ಚಲಲ್ಲಿ ಎಡಗಾಲನ್ನು ಬಕೆಟ್ಟಿಗೆ ಇಳಿಬಿಟ್ಟು, ನೀರು ತಣ್ಣಗಾಗುವವರೆಗೆ ಕಾಯುತ್ತಿದ್ದೆ.

ವ್ಯಾಯಾಮ ಮಾಡಿಸಲು ರಾಜಾನುಕುಂಟೆಯಿಂದ ಅಪ್ಪನ ಅಕ್ಕ ಬಂದರು. ನಾನು ಹಿತ್ತಲ ಮೆಟ್ಟಿಲಂಚಿನಲ್ಲಿ ಗೋಡೆ ಹಿಡಿದು ನಿಲ್ಲುತ್ತಿದ್ದೆ. ಅತ್ತೆ ಕೆಳಗೆ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂರುತ್ತಿದ್ದರು. ಎರಡೂ ಕಾಲಲ್ಲಾದರೆ ಏಳುತ್ತಿದ್ದೆ. ಎಡಗಾಲೊಂದರಲ್ಲಿ ಹಿಮ್ಮಡಿ ಮೊಳೆ ಹೊಡೆದಂತೆ ಅಲ್ಲೇ ಇರುತ್ತಿತ್ತು.

ಪಕ್ಕದ ಮನೆಯ ನಗ್ಮಾ ಕಾಂಪೌಂಡಿನ ಮೇಲಿಂದ ಇಣುಕಿದಳು. "ಇನ್ನೂ ಆಗಿಲ್ವೇನೇ? ಖೊ-ಖೊ ಟೀಮಲ್ಲಿ ನಿನ್ ಜಾಗಕ್ಕೆ ರೇಖಾನ ತಗೊಳ್ತಾರಂತೆ. ಸ್ಕೂಲ್ ಶುರು ಆಗೋಕೆ ಒಂದೇ ವಾರ."

ಅವಳು ಹೋದಮೇಲೆ ನಾನು ಅತ್ತೆಯ ಕಡೆ ತಿರುಗಿದೆ.

"ಅದು ಏಳಲ್ಲ ಅತ್ತೆ."

"ಯಾಕೇಳಕಿಲ್ಲ? ಸೋಮಾರಿ."

"ಸತ್ತೋಗಿದೆ."

"ಯಾವ್ದು?"

"ಮೀನು."

ನಗುತ್ತಾರೆಂದು ಕಣ್ಣು ಮುಚ್ಚಿಕೊಂಡೆ. ನಗಲಿಲ್ಲ. ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಕಾಲಿನ ಹಿಂಬದಿಯನ್ನು ಹಿಡಿದರು. ಅಂಗೈ ಇನ್ನೂ ಅಂಟಂಟಾಗಿತ್ತು.

"ಎತ್ತು."

ಎತ್ತಲು ನೋಡಿದೆ. ಹಿಮ್ಮಡಿ ಏಳಲಿಲ್ಲ. ಅತ್ತೆ ಉಸಿರು ಬಿಗಿಹಿಡಿದು ಏನನ್ನೋ ಕೇಳಿಸಿಕೊಳ್ಳುವಂತೆ ಕೂತಿದ್ದರು.

"ಇಗೋ! ಬಾಲ ಬಡೀತು."

"ಸುಳ್ಳು."

"ನನ್ ಕೈಯೊಳ್ಗೈತೆ, ನಿಂಗೇನ್ ಗೊತ್ತಾಯ್ತದೆ? ಸತ್ತಿಲ್ಲ ಕಣವ್ವ, ಎದ್ರುಕೊಂಡು ಮಲ್ಗೈತೆ. ಇಂಗೇ ದಿನಾ ಎಬ್ಬಿಸ್ಬೇಕು."

ದಿನಾ ಎಬ್ಬಿಸಿದೆ. ಶಾಲೆ ತೆರೆದಾಗ ಟೀಮಿನಲ್ಲಿ ರೇಖಾ ಇದ್ದಳು. ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ಹಿಮ್ಮಡಿ ಕಾಗದದ ದಪ್ಪದಷ್ಟು ಮೇಲೆದ್ದಿತು. ನಾನು ಕಿರುಚಿದ್ದಕ್ಕೆ ಅತ್ತೆ ಸೌಟು ಹಿಡಿದೇ ಓಡಿಬಂದರು.

ಈಗ ಯಲಹಂಕದ ಜಿಮ್ಮಿನಲ್ಲಿ ಹೆಗಲ ಮೇಲೆ ಭಾರ ಹೊತ್ತು ಅದನ್ನೇ ಮಾಡುತ್ತೇನೆ. ಎರಡೂ ಮೀನಖಂಡ ಸಮ, ಗೆರೆ ಎಳೆದಂತೆ ಎದ್ದು ಕಾಣುತ್ತವೆ. "ಕಟ್ಸ್ ಸೂಪರಾಗಿ ಬಂದಿದೆ ಮೇಡಂ" ಎನ್ನುತ್ತಾನೆ ಟ್ರೇನರ್. ಕೆರೆಗೆ ಬೇಲಿ ಬಂದಿದೆ, ಗೇಟು ತೆರೆಯುವ ಮುಚ್ಚುವ ಸಮಯದ ಬೋರ್ಡು ಬಂದಿದೆ. ಆ ದಿನ ನಿಜವಾಗಿ ಏನಾದರೂ ಮಿಸುಕಿತ್ತೇ ಎಂದು ಕೇಳೋಣವೆಂದರೆ ಅತ್ತೆ ಇಲ್ಲ.

ಗೋಡೆಯ ಉದ್ದಕ್ಕೂ ಕನ್ನಡಿಗಳಿವೆ. ಹಿಮ್ಮಡಿ ಎಷ್ಟು ಎದ್ದಿತೆಂದು ಅವು ತೋರಿಸುತ್ತವೆ. ಏಳದೇ ಇದ್ದಾಗ ಏನು ಹೇಳಬೇಕೆಂದು ಅವಕ್ಕೆ ಗೊತ್ತಿಲ್ಲ.