ಗುಡ್ಡಕ್ಕೆ ನೀರು ಹೊತ್ತಾಕೆ

ನಾನು ಜೋಳ ಹಸನು ಮಾಡುತ್ತಿದ್ದೆ. ಪಕ್ಕದ ಮನೆಯಾಕೆಯ ಗಂಡ ಮತ್ತೆ ಸೇಂದಿ ಅಂಗಡಿಯಲ್ಲಿ ಕೂತಿದ್ದಾನೆಂದು ಹಾಲಿನವಳು ಹೇಳಿಹೋದಳು. ನನಗೆ ಆಕೆಯದೇ ಚಿಂತೆಯಾಯಿತು. ನಾವು ಮಸ್ಕಿಯಲ್ಲಿದ್ದ ಆ ಕಾಲಕ್ಕೆ ನಾಟಿಗೆ ಹೋಗುವ ಹೆಂಗಸರೂ ಸೇಂದಿ ಕುಡಿಯುತ್ತಿದ್ದರು. ಆಕೆಯೂ ಆಕೆಯ ಗಂಡನೂ ಕುಡಿತ ಬಿಟ್ಟು ಮೂರು ತಿಂಗಳಾಗಿತ್ತು.

ಸಂಜೆ ಕುಡಿಯಬೇಕೆನಿಸಿದರೆ ಗುಡ್ಡ ಹತ್ತಿ ಇಳಿ ಎಂದು ಡಾಕ್ಟರು ಗಂಡನಿಗಷ್ಟೇ ಹೇಳಿದ್ದರು. ಆಕೆ ಆ ಮಾತನ್ನು ತಾನೂ ಹಿಡಿದಳು. ಆದರೆ ಹೆಂಗಸು ಸುಮ್ಮನೆ ಹತ್ತಿದರೆ ಊರು ನಗುತ್ತಿತ್ತು. ಅದಕ್ಕೇ ಗುಡ್ಡದ ಮೇಲಿನ ದೇವರ ಹೆಸರಲ್ಲಿ ದಿನಾ ಸಂಜೆ ನೀರಿನ ಕೊಡ ಹೊತ್ತಳು.

"ದಿನಾ ಹೊಲದಾಗ ದುಡಿದದ್ದು ಸಾಲಂಗಿಲ್ಲೇನಬೇ?" ಎಂದು ಒಮ್ಮೆ ಕೇಳಿದ್ದೆ.

"ಆ ದುಡಿಮಿ ಸೇಂದಿ ಬೇಡತೈತ್ರೀ ಅಕ್ಕಾರ. ಇದು ನಂದು. ಇಳಿಯೂದ್ರಾಗ ಆಸಿ ಹೋಗಿರತೈತಿ."

ಇಳಿದು ಬಂದಾಗಲೆಲ್ಲ ಕೊಡದ ಕೆಳಗೆ ತಲೆಗಿಟ್ಟ ಬಟ್ಟೆಯ ಸಿಂಬಿ ಕೊಡವಿ, "ಇವತ್ತಿಂದು ಆತ್ರೀ" ಎನ್ನುತ್ತಿದ್ದಳು.

ಗುಡ್ಡದ ದಾರಿ ಆ ಅಂಗಡಿಯ ಮುಂದೆಯೇ ಹೋಗುತ್ತದೆ. ಅಂದು ಆಕೆ ಬರುವವರೆಗೂ ನಾನು ಬಾಗಿಲು ಬಿಟ್ಟು ಕದಲಲಿಲ್ಲ. ಕತ್ತಲಾಗುವ ಮುಂಚೆ ಬಂದಳು.

"ನಿನ್ನ ಗಂಡ ಕರದನೇನು?"

"ಕರದ್ರು, ಗ್ಲಾಸು ಎತ್ತಿ ಹಿಡದು. ತಲಿ ಮ್ಯಾಲ ತುಂಬಿದ ಕೊಡ ಇತ್ತಲ್ರೀ, ಹೊಳ್ಳಿ ನೋಡಾಕ ಬರಲಿಲ್ಲ." ಸಿಂಬಿ ಕೊಡವಿದಳು. "ಇವತ್ತಿಂದು ಆತ್ರೀ."

ನಾನು ದೇವರಿಗೆ ಕೈಮುಗಿದು, ಒಳಗೆ ಹೋಗಿ ರೊಟ್ಟಿಗೆ ಎಸರಿಟ್ಟೆ.