ಮಾವನವರ ಇಂಗ್ಲಿಷು

ನನ್ನ ಮೇಜನ್ನು ಯಾರಿಗೂ ತೋರಿಸುವ ಹಾಗಿಲ್ಲ. ಪತ್ರಿಕೆಯ ಕೆಳಗೆ ಕನ್ನಡಕ, ಪತ್ರಿಕೆಯ ಮೇಲೆ ಅರ್ಧ ಸುಲಿದ ಕಿತ್ತಳೆ, ಅದರ ಪಕ್ಕದಲ್ಲಿ ನಿನ್ನೆಯಿಂದ ಹುಡುಕುತ್ತಿರುವ ಬೀಗದ ಕೈ. ಇಂಥ ಸ್ಥಿತಿಗೆ ಕನ್ನಡದಲ್ಲಿ ಚೆಲ್ಲಾಪಿಲ್ಲಿ, ಅಡ್ಡಾದಿಡ್ಡಿ, ಎರ್ರಾಬಿರ್ರಿ ಎಂಬ ಸೊಗಸಾದ ಮಾತುಗಳಿವೆ. ಇಂಗ್ಲಿಷಿನವರೂ ಹಿಗ್ಲ್‌ಡಿ ಪಿಗ್ಲ್‌ಡಿ, ಟಾಪ್ಸಿ ಟರ್ವಿ ಎಂದು ಜೋಡಿ ಮಾತನ್ನೇ ಬಳಸುತ್ತಾರೆ. ಅವ್ಯವಸ್ಥೆಗೆ ಯಾವ ಭಾಷೆಯಲ್ಲೂ ಒಂಟಿಯಾಗಿರಲು ಮನಸ್ಸಿಲ್ಲವೆಂದು ಕಾಣುತ್ತದೆ. ಈ ಇಂಗ್ಲಿಷ್ ಮಾತುಗಳೆಲ್ಲ ನನಗೆ ಬಾಯಿಪಾಠ. ಹೇಗೆ ಬಂದವೆಂದು ಕೇಳಿದರೆ ನನ್ನ ಮಾವನವರ ವಿಷಯ ಹೇಳಬೇಕಾಗುತ್ತದೆ.

ಆಗ ಕೊಡಗು ತನ್ನದೇ ಒಂದು ಪುಟ್ಟ ರಾಜ್ಯವಾಗಿತ್ತು. ಬೆಳಿಗ್ಗೆ ಶನಿವಾರಸಂತೆಯಲ್ಲಿ ಬಸ್ಸು ಹತ್ತಿದರೆ ರಾಜಧಾನಿ ಮಡಿಕೇರಿಯಲ್ಲಿ ಕೆಲಸ ಮುಗಿಸಿಕೊಂಡು ರಾತ್ರಿಯ ಊಟಕ್ಕೆ ಮನೆ ಸೇರಬಹುದಾಗಿದ್ದ ರಾಜ್ಯ. ನಾನು ಶನಿವಾರಸಂತೆಯ ಮನೆಗೆ ಸೊಸೆಯಾಗಿ ಬಂದಾಗ ಮಾವನವರು ಸೈನ್ಯದಿಂದ ಹವಾಲ್ದಾರರಾಗಿ ನಿವೃತ್ತರಾಗಿ ಗದ್ದೆ ಮಾಡಿಸಿಕೊಂಡಿದ್ದರು. ದಿನಾ ಗದ್ದೆಗೆ ಹೊರಡುವ ಮೊದಲು ಅಡುಗೆಮನೆಯ ಇನ್‌ಸ್ಪೆಕ್ಷನ್ ಆಗಲೇಬೇಕು. ಕೈ ಹಿಂದಕ್ಕೆ ಕಟ್ಟಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದರು. ಸಾಂಬಾರ ಡಬ್ಬಿಗಳು ಎತ್ತರದ ಪ್ರಕಾರ ನಿಂತಿರದಿದ್ದರೆ ಅವರಿಗೆ ಬೆಳಗಿನ ಕಾಫಿ ರುಚಿಸುತ್ತಿರಲಿಲ್ಲ. ನನ್ನ ಡಬ್ಬಿಗಳೋ, ಸಂತೆಗೆ ಬಂದ ಜನರ ಹಾಗೆ ತೋಚಿದಲ್ಲಿ ನಿಲ್ಲುವಂಥವು.

ಸೊಸೆಯನ್ನು ಕನ್ನಡದಲ್ಲಿ ಬೈಯುವುದು ಮರ್ಯಾದೆಯಲ್ಲ ಎಂಬುದು ಮಾವನವರ ನಂಬಿಕೆ. ಹಾಗಾಗಿ ಇಂಗ್ಲಿಷಿನಲ್ಲಿ ಬೈಯುತ್ತಿದ್ದರು. ಆ ಮಾತುಗಳನ್ನು ಕೇಳಿ ಕೇಳಿ ಅರ್ಥ ಹಿಡಿದಿದ್ದ ಅತ್ತೆ ಅದನ್ನು ಕನ್ನಡಕ್ಕೆ ತಂದು, ಸ್ವಲ್ಪ ಉಪ್ಪು ಖಾರ ಸೇರಿಸಿ ನನಗೆ ಮುಟ್ಟಿಸುತ್ತಿದ್ದರು. ಒಲೆಯ ಬೂದಿ ಹರಡಿದ್ದರೆ ಅನ್‌ಟೈಡಿ. ಹಾಲು ಉಕ್ಕಿದರೆ ಕೇರ್‌ಲೆಸ್. ಸೀರೆ ಸುಕ್ಕಾಗಿದ್ದರೆ ಶ್ಯಾಬಿ. ಒಟ್ಟಾರೆಯಾಗಿ ನಾನು ಸ್ಲವನ್ಲಿ, ಅಂದರೆ ಅಚ್ಚುಕಟ್ಟಿಲ್ಲದವಳು. ಕಸ ಗುಡಿಸಿದ್ದು ಮೂಲೆ ಮುಟ್ಟದಿದ್ದರೆ ಸ್ಲಿಪ್‌ಷಾಡ್. ಸಡಿಲ ಚಪ್ಪಲಿ ಎಳೆದುಕೊಂಡು ಓಡಾಡುವವರಿಗೆ ಇಂಗ್ಲೆಂಡಿನಲ್ಲಿ ಹಾಗೆನ್ನುತ್ತಿದ್ದರಂತೆ. ಇದು ನಾನು ಎಷ್ಟೋ ವರ್ಷಗಳ ನಂತರ ಓದಿ ತಿಳಿದದ್ದು. ಬರಿಗಾಲಲ್ಲೇ ಜೀವನ ಕಳೆಯುತ್ತಿದ್ದ ನಮ್ಮ ಓಣಿಯವರಿಗೆ ಸ್ಲಿಪ್‌ಷಾಡ್ ಆಗುವುದೇ ಒಂದು ಬಡ್ತಿ.

ಹೀಗಿರುವಾಗ ಊರಿನ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳಲು ಒಬ್ಬರು ಬೇಕೆಂದು ಸುದ್ದಿ ಬಂತು. ನಾನು ಮದುವೆಗೆ ಮೊದಲು ಎಂಟನೆಯ ತರಗತಿ ಪಾಸು ಮಾಡಿದ್ದೆ. ಆ ಕೆಲಸ ಬೇಕೆಂದು ನನಗೆ ಎಷ್ಟು ಆಸೆಯಾಯಿತೆಂದರೆ ಬಾಯಿಬಿಟ್ಟು ಹೇಳಲು ಹೆದರಿಕೆಯಾಯಿತು. ಮಾವನವರೇ ಬಾಗಿಲಲ್ಲಿ ನಿಂತು, "ಅರ್ಜಿ ಹಾಕವ್ವ. ಈ ಡಬ್ಬಿ ಜೋಡ್ಸೋದಂತೂ ನಿನ್ನ ಕೈಲಾಗಕಿಲ್ಲ," ಎಂದರು. ಸಂದರ್ಶನದ ದಿನ ತಮ್ಮ ಬೂಟಿಗೆ ಪಾಲಿಶ್ ಹಾಕಿಕೊಂಡು ನನ್ನನ್ನು ಮಡಿಕೇರಿಗೆ ಕರೆದುಕೊಂಡು ಹೋದವರೂ ಅವರೇ.

ಕಚೇರಿಯಲ್ಲಿ ಮಾವನವರು ಹೊರಗಿನ ಬೆಂಚಿನ ಮೇಲೆ ಕುಳಿತರು, ನಾನು ಒಳಗೆ ಹೋದೆ. ಕನ್ನಡ ಓದಿದೆ, ಲೆಕ್ಕ ಮಾಡಿದೆ. ಅಧಿಕಾರಿಗಳು ತಲೆದೂಗಿ, "ನಿಮ್ಮ ಮನೆ ಬಗ್ಗೆ ಇಂಗ್ಲಿಷಲ್ಲಿ ನಾಲ್ಕು ಮಾತು ಹೇಳಿ ನೋಡೋಣ," ಎಂದರು. ನನ್ನ ಬಳಿ ಇದ್ದ ಇಂಗ್ಲಿಷ್ ಯಾವುದೆಂದು ನಿಮಗೆ ಗೊತ್ತೇ ಇದೆ. ಉಸಿರು ಬಿಗಿಹಿಡಿದು ಶುರು ಮಾಡಿದೆ. ಮೈ ಹೌಸ್ ಈಸ್ ಅನ್‌ಟೈಡಿ. ಮೈ ಕಿಚನ್ ಈಸ್ ಟಾಪ್ಸಿ ಟರ್ವಿ. ಮೈ ಸಾರಿ ಈಸ್ ಶ್ಯಾಬಿ. ಐ ಆಮ್ ಸ್ಲವನ್ಲಿ.

ಹೊರಗೆ ಮಾವನವರು ಜೋರಾಗಿ ಕೆಮ್ಮಿದ್ದು ಕೇಳಿಸಿತು. ಅಧಿಕಾರಿಗಳು ನಗು ತಡೆದುಕೊಂಡು, "ಇಷ್ಟೆಲ್ಲ ಯಾರು ಕಲಿಸಿದ್ದಮ್ಮ?" ಎಂದರು.

"ನಮ್ಮ ಮಾವನೋರು ಸಾರ್. ಮಿಲಿಟರೀಲಿದ್ರು."

"ಬರೀ ಇಂಥ ಮಾತೇ ಕಲಿಸಿದ್ರೆ ಮಕ್ಕಳು ಶಾಲೆಗೆ ಬರ್ತವಾ? ಆಯ್ತು, ಹೋಗಿ, ತಿಳಿಸ್ತೀವಿ."

ಕೆಲಸ ಕೈತಪ್ಪಿತು ಎಂದುಕೊಂಡೆ. ಅಳು ಬಂತು. ವಾಪಸು ಬರುವಾಗ ಬಸ್ಸು ಸೋಮವಾರಪೇಟೆ ಮುಟ್ಟಿದಾಗ ಮಾವನವರು ನನ್ನ ಕಡೆ ತಿರುಗಿದರು. "ಆಫೀಸರ್ ಮುಂದೆ ಮನೆ ಮಾನ ತೆಗೆದ್ಯಲ್ಲವ್ವ. ಚೆನ್ನಾಗೈತೆ ಅನ್ನಕ್ಕೆ ಒಂದು ಮಾತೂ ಬರ್ಲಿಲ್ವಾ ನಿಂಗೆ?" ಎಂದರು.

ಅಲ್ಲಿಯವರೆಗೆ ನಾನು ಅವರಿಗೆ ಎದುರು ಮಾತಾಡಿದವಳಲ್ಲ. "ಅದನ್ನ ನೀವು ಹೇಳ್ಕೊಟ್ಟಿರ್ಲಿಲ್ವಲ್ಲ ಮಾವ," ಎಂದುಬಿಟ್ಟೆ.

ಅವರು ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು. ಕೋಪ ಬಂದಿರಬೇಕೆಂದು ನಾನು ಸೆರಗು ಮುದುರಿಕೊಂಡೆ.

"ನಂಗೂ ಯಾರೂ ಹೇಳ್ಕೊಡ್ಲಿಲ್ಲ ಕಣವ್ವ," ಎಂದರು ಮೆಲ್ಲಗೆ. "ಪರೇಡಲ್ಲಿ ಬಿಳಿ ದೊರೆಗಳು ಸಾಲಿನ ಮುಂದೆ ಬಂದು ನಿಂತ್ರೆ ಇವೇ ಮಾತು. ಎಲ್ಲಾ ಸರಿಯಾಗಿದ್ರೆ ಏನೂ ಅನ್ನದೆ ಮುಂದಕ್ಕೆ ಹೋಗೋರು."

ನನಗೆ ಆ ಕ್ಷಣ ಅವರ ಮೇಲೆ ತುಂಬ ಪ್ರೀತಿ ಬಂತು. ನಾವಿಬ್ಬರೂ ಒಂದೇ ಶಾಲೆಯಲ್ಲಿ ಕಲಿತವರು. ಬೈಗುಳವೇ ನಮ್ಮ ಪಠ್ಯಪುಸ್ತಕ. ಇಂಗ್ಲಿಷಿನಲ್ಲಿ ಒಳ್ಳೆಯ ಮಾತುಗಳಿಗೇನೂ ಬರವಿಲ್ಲ, ಆದರೆ ಅವು ಹಡಗು ಹತ್ತಿ ನಮ್ಮ ತನಕ ಬಂದಿರಲಿಲ್ಲ. ಕನ್ನಡದ್ದೂ ಹೆಚ್ಚುಕಡಿಮೆ ಇದೇ ಪಾಡು. ಸಾರಿಗೆ ಉಪ್ಪು ಕಡಿಮೆಯಾದ ದಿನ ಮನೆಮಂದಿಯೆಲ್ಲ ಮಾತಾಡುತ್ತಾರೆ, ಹದವಾಗಿದ್ದ ದಿನ ಸುಮ್ಮನೆ ಉಂಡು ಏಳುತ್ತಾರೆ.

ಅಧಿಕಾರಿಗಳು ದೊಡ್ಡ ಮನಸ್ಸಿನವರಿರಬೇಕು, ಕೆಲಸದ ಆದೇಶ ಬಂತು. ಮೊದಲ ದಿನ ಹೊರಡುವ ಹೊತ್ತಿಗೆ ಮಾವನವರು ಎಂದಿನಂತೆ ಬಂದು ನಿಂತರು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಕೊನೆಗೆ, ಗಂಟಲಿನಿಂದ ಏನನ್ನೋ ಕಷ್ಟಪಟ್ಟು ಹೊರತೆಗೆಯುವವರ ಹಾಗೆ, "ಗುಡ್," ಎಂದು ಹೇಳಿ ಸರಸರ ಗದ್ದೆಯ ಕಡೆ ನಡೆದುಬಿಟ್ಟರು.

ಗಡಿಬಿಡಿಯಲ್ಲಿ ಉಟ್ಟ ನನ್ನ ಸೀರೆಯ ನೆರಿಗೆ ಅವತ್ತು ಒಂದು ಕಡೆ ಮೊಣಕಾಲಿಗೂ ಇನ್ನೊಂದು ಕಡೆ ನೆಲಕ್ಕೂ ಹೋಗಿತ್ತು. ಅದು ಅವರ ಕಣ್ಣಿಗೆ ಬೀಳದೆ ಇರಲು ಸಾಧ್ಯವೇ ಇರಲಿಲ್ಲ.